ಜಾನ್ ನೋಯೆಲ್ ಮತ್ತು ಲಂಡನ್ ರಂಗದ ಲಾಮಾಗಳು

ಎವರೆಸ್ಟ್ ಆರೋಹಣದ ಚರಿತ್ರೆಯಲ್ಲಿ ಕ್ಯಾಪ್ಟನ್ ಜಾನ್ ನೋಯೆಲ್ (1890-1989) ಛಾಯಾಗ್ರಾಹಕರೆಂದು ಪ್ರಸಿದ್ಧರು. 1924ರಲ್ಲಿ ಶಿಖರದ ಸಮೀಪ ಕಣ್ಮರೆಯಾದ ಮ್ಯಾಲರಿ ಮತ್ತು ಇರ್ವಿನ್ ಅವರಿದ್ದ ತಂಡದ ಯಾತ್ರೆಯನ್ನು ಚಲನಚಿತ್ರದಲ್ಲಿ ದಾಖಲಿಸಿದವರು ಅವರೇ. ಆ ಚಿತ್ರದ ಪ್ರದರ್ಶನಕ್ಕಾಗಿ ಅವರು ಟಿಬೆಟಿನ ಲಾಮಾಗಳನ್ನು ಲಂಡನ್ನಿಗೆ ಕರೆದೊಯ್ದ ಸಂಗತಿಗೆ ಸಾಹಸದ ಕಥನಗಳಲ್ಲಿ ದೊರೆತ ಸ್ಥಾನ ಅಲ್ಪ. ಒಂದು ಸಮುದಾಯದ ಆರಾಧನಾ ಸಂಗೀತವು ತನ್ನ ನೆಲೆಯಿಂದ ಬೇರ್ಪಟ್ಟು ರಂಗವೇರಿದಾಗ ಅದರ ಅರ್ಥಕ್ಕೆ ಏನಾಗುತ್ತದೆ, ಅದಕ್ಕೆ ಅನುಮತಿ ನೀಡುವ ಅಧಿಕಾರ ಯಾರದು ಎಂಬ ಪ್ರಶ್ನೆಗಳನ್ನು ನೋಯೆಲ್ ಅವರ ಜೀವನವು ಮುಂದಿಡುತ್ತದೆ.

ಇಂಗ್ಲೆಂಡಿನ ಡೆವನ್ ಪ್ರಾಂತದಲ್ಲಿ ಜನಿಸಿದ ನೋಯೆಲ್ ಸೈನ್ಯಾಧಿಕಾರಿಯಾಗಿ ಭಾರತಕ್ಕೆ ಬಂದರು. ಆ ಕಾಲದಲ್ಲಿ ಟಿಬೆಟ್ ವಿದೇಶೀಯರಿಗೆ ಮುಚ್ಚಿದ ನಾಡಾಗಿತ್ತು. 1913ರಲ್ಲಿ ಅವರು ಕೂದಲಿಗೆ, ಮೈಗೆ ಬಣ್ಣ ಬಳಿದುಕೊಂಡು ಭಾರತೀಯ ಮುಸ್ಲಿಮನ ವೇಷದಲ್ಲಿ ಗಡಿಯನ್ನು ದಾಟಿದರು. ಎವರೆಸ್ಟಿನಿಂದ ಸುಮಾರು 40 ಮೈಲಿ ದೂರದಲ್ಲಿದ್ದಾಗ ಟಿಬೆಟಿನ ಸೈನಿಕರು ಅವರನ್ನು ತಡೆದು ಹಿಂದಕ್ಕೆ ಕಳುಹಿಸಿದರು. 1919ರಲ್ಲಿ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯಲ್ಲಿ ಈ ಪಯಣವನ್ನು ಕುರಿತು ಅವರು ನೀಡಿದ ಉಪನ್ಯಾಸವು ಎವರೆಸ್ಟ್ ಯೋಜನೆಗೆ ಹೊಸ ಚಾಲನೆ ನೀಡಿತು. ದಲೈ ಲಾಮಾ ಅವರ ಅನುಮತಿ ದೊರೆತ ಮೇಲೆ 1921ರಲ್ಲಿ ಮೊದಲ ತಂಡ ಹೊರಟಿತು. ಒಂದು ಕಾಲಕ್ಕೆ ವೇಷ ಮರೆಸಿ ನುಸುಳಿದ್ದ ನೋಯೆಲ್ 1922ರಲ್ಲಿ ಎರಡನೆಯ ತಂಡದ ಅಧಿಕೃತ ಛಾಯಾಗ್ರಾಹಕರಾಗಿ ಅದೇ ನಾಡನ್ನು ಪ್ರವೇಶಿಸಿದರು.

ಆ ವರ್ಷ ಅವರು ಪರ್ವತದ ಬುಡದಲ್ಲಿರುವ ರೊಂಗ್‌ಬುಕ್ ಮಠದ ಚಾಮ್ ನೃತ್ಯವನ್ನು ಚಿತ್ರೀಕರಿಸಿದರು. ಬೈಲಕುಪ್ಪೆಯ ಟಿಬೆಟನ್ ಮಠಗಳಲ್ಲಿ ಇಂದಿಗೂ ನಡೆಯುವ ಚಾಮ್, ಮುಖವಾಡ ಧರಿಸಿದ ಭಿಕ್ಷುಗಳು ನಿಯತ ದಿನಗಳಲ್ಲಿ ನೆರವೇರಿಸುವ ವಿಧಿ. ಅದರೊಡನೆ ಮೊಳಗುವ ಉದ್ದನೆಯ ಕಹಳೆ, ತಾಳ, ನಗಾರಿಗಳ ನಾದವು ದೇವತೆಗಳಿಗೆ ಸಲ್ಲುವ ಅರ್ಪಣೆ. ಮಠದ ಅಂಗಳದಲ್ಲಿ ನೆರೆದ ಜನ ಅಲ್ಲಿ ಕೇವಲ ಪ್ರೇಕ್ಷಕರಲ್ಲ, ವಿಧಿಯ ಫಲಕ್ಕೆ ಭಾಗಿಗಳು ಕೂಡ.

1924ರ ಯಾತ್ರೆಯ ಚಿತ್ರಗಳ ಹಕ್ಕಿಗಾಗಿ ನೋಯೆಲ್ 8000 ಪೌಂಡುಗಳನ್ನು ನೀಡಿದರು. ಶಿಖರ ಕೈಗೂಡಲಿಲ್ಲ, ಇಬ್ಬರು ಆರೋಹಿಗಳು ಹಿಂದಿರುಗಲಿಲ್ಲ. ಹೂಡಿದ ಹಣ ಮರಳಬೇಕಾದರೆ ಚಿತ್ರಕ್ಕೆ ಬೇರೊಂದು ಆಕರ್ಷಣೆ ಅಗತ್ಯವಾಗಿತ್ತು. ಮೂಕಿ ಚಿತ್ರಗಳಿಗೆ ಸಭಾಂಗಣದಲ್ಲಿಯೇ ಸಂಗೀತ ನುಡಿಸುವ ರೂಢಿಯಿದ್ದ ಆ ಕಾಲದಲ್ಲಿ, ಗ್ಯಾಂಚೆಯಿಂದ ಏಳು ಮಂದಿ ಲಾಮಾಗಳನ್ನು ಲಂಡನ್ನಿಗೆ ಕರೆತರಲಾಯಿತು. 1924ರ ಡಿಸೆಂಬರಿನಲ್ಲಿ ಸ್ಕಾಲಾ ರಂಗಮಂದಿರದಲ್ಲಿ 'ದಿ ಎಪಿಕ್ ಆಫ್ ಎವರೆಸ್ಟ್' ತೆರೆಕಂಡಿತು. ಹಿಮಶಿಖರಗಳ ಹಿನ್ನೆಲೆಯುಳ್ಳ ಮಠದಂಗಳದ ರಂಗಸಜ್ಜಿಕೆಯಲ್ಲಿ, ಚಿತ್ರಕ್ಕೆ ಮುನ್ನ ಲಾಮಾಗಳು ಮಂತ್ರ ಪಠಿಸಿದರು, ವಾದ್ಯ ನುಡಿಸಿದರು, ಕುಣಿದರು. ವಾದ್ಯಗಳಲ್ಲಿ ತೊಡೆಯ ಮೂಳೆಯ ಕಹಳೆ, ತಲೆಬುರುಡೆಯ ಡಮರುಗಳೂ ಇದ್ದವು. ಅನಿತ್ಯತೆಯನ್ನು ನೆನಪಿಸುವ ಈ ವಾದ್ಯಗಳು ಲಂಡನ್ನಿನ ಪತ್ರಿಕೆಗಳಿಗೆ ಕೌತುಕದ ಸರಕಾದವು. ಧರ್ಮಗುರುಗಳು ರಂಗದ ಮೇಲೆ ಕುಣಿಯುವರೆಂಬುದೇ ಅವುಗಳ ತಲೆಬರಹವಾಯಿತು. ವಾದ್ಯ ಅದೇ, ವಾದಕರು ಅವರೇ. ನಾದವನ್ನು ಸ್ವೀಕರಿಸುವ ಸಮುದಾಯ ಮಾತ್ರ ಎದುರಿಗಿರಲಿಲ್ಲ.

ಲಾಮಾಗಳು ಟಿಬೆಟ್ ಸರ್ಕಾರದ ಒಪ್ಪಿಗೆಯಿಲ್ಲದೆ ದೇಶ ಬಿಟ್ಟಿದ್ದರು. ಧಾರ್ಮಿಕ ವಿಧಿ ಹಣಕ್ಕೆ ಪ್ರದರ್ಶನವಾದುದು ಲ್ಹಾಸಾವನ್ನು ಕೆರಳಿಸಿತು. ಮಗುವಿನ ತಲೆಯ ಹೇನು ಹೆಕ್ಕಿ ತಿನ್ನುವ ದೃಶ್ಯವೊಂದು ಚಿತ್ರದಲ್ಲಿದ್ದುದು ಈ ಅಸಮಾಧಾನವನ್ನು ಹೆಚ್ಚಿಸಿತು. ಲಾಮಾಗಳನ್ನು ಹಿಂದಕ್ಕೆ ಕಳುಹಿಸಬೇಕೆಂದೂ ಮುಂದೆ ಯಾವ ತಂಡಕ್ಕೂ ಅನುಮತಿಯಿಲ್ಲವೆಂದೂ ಟಿಬೆಟ್ 1925ರಲ್ಲಿ ತಿಳಿಸಿತು. 1933ರವರೆಗೆ ಯಾವ ಬ್ರಿಟಿಷ್ ತಂಡವೂ ಎವರೆಸ್ಟಿನತ್ತ ಹೋಗಲಾಗಲಿಲ್ಲ.

ಈ ನಿಷೇಧಕ್ಕೆ ಲಾಮಾಗಳ ಪ್ರದರ್ಶನವೊಂದೇ ಕಾರಣವಲ್ಲವೆಂಬುದನ್ನು 1996ರಲ್ಲಿ ಪ್ರಕಟವಾದ ಪೀಟರ್ ಹ್ಯಾನ್ಸನ್ ಅವರ ಅಧ್ಯಯನವು ತೋರಿಸಿಕೊಟ್ಟಿದೆ. ಸೈನ್ಯದ ಆಧುನೀಕರಣವನ್ನು ಕುರಿತು ಮಠಗಳಿಗೂ ಸುಧಾರಣಾವಾದಿಗಳಿಗೂ ಲ್ಹಾಸಾದಲ್ಲಿ ಆಗ ತೀವ್ರ ಸಂಘರ್ಷ ನಡೆದಿತ್ತು. 1924ರ ತಂಡದ ಸದಸ್ಯರೊಬ್ಬರು ಅನುಮತಿಯಿಲ್ಲದ ಪ್ರದೇಶಕ್ಕೆ ಹೋಗಿದ್ದೂ ಆಕ್ಷೇಪಕ್ಕೆ ಗುರಿಯಾಗಿತ್ತು. ಆದುದರಿಂದ ಇದನ್ನು ಮುಗ್ಧ ಸಂಪ್ರದಾಯ ಮತ್ತು ಆಧುನಿಕ ಯಂತ್ರಗಳ ಮುಖಾಮುಖಿಯೆಂದು ಸರಳೀಕರಿಸುವಂತಿಲ್ಲ. ತನ್ನನ್ನು ಯಾರು, ಎಲ್ಲಿ, ಹೇಗೆ ತೋರಿಸಬೇಕೆಂಬುದನ್ನು ತಾನೇ ನಿರ್ಧರಿಸಲು ಟಿಬೆಟ್ ನಡೆಸಿದ ರಾಜಕೀಯ ಪ್ರಯತ್ನವಾಗಿಯೂ ಇದನ್ನು ಓದಬೇಕಾಗುತ್ತದೆ.

ನೋಯೆಲ್ ಮತ್ತೆ ಎವರೆಸ್ಟ್ ತಂಡವನ್ನು ಸೇರಲಿಲ್ಲ. 1927ರಲ್ಲಿ ತಮ್ಮ ಟಿಬೆಟ್ ಅನುಭವಗಳನ್ನು ಗ್ರಂಥವಾಗಿ ಪ್ರಕಟಿಸಿದರು. ಉಪನ್ಯಾಸಗಳ ಮೂಲಕ ಆ ನಾಡನ್ನು ಚಿತ್ರಗಳಲ್ಲಿ ತೋರಿಸುತ್ತ ಬಂದರು. ಅವರ ಪತ್ನಿ ಸಿಬಿಲ್ 1931ರಲ್ಲಿ ಟಿಬೆಟಿನ ಕಥೆಗಳ ಸಂಗ್ರಹವೊಂದನ್ನು ಹೊರತಂದರು. ತೊಂಬತ್ತೊಂಬತ್ತು ವರ್ಷ ಬದುಕಿದ ನೋಯೆಲ್ ಅವರಿಗೆ ಟಿಬೆಟಿನ ಮೇಲಿದ್ದ ಒಲವು ನಿಜವಾದುದೇ. ಆದರೆ 1913ರಲ್ಲಿ ಅನುಮತಿಯಿಲ್ಲದೆ ಗಡಿ ದಾಟಿದ ಮನೋಭಾವವೇ 1924ರಲ್ಲಿ ಅನುಮತಿಯಿಲ್ಲದೆ ಲಾಮಾಗಳನ್ನು ಗಡಿ ದಾಟಿಸಿತು. ಒಲವು ಒಪ್ಪಿಗೆಗೆ ಬದಲಿಯಾಗಲಾರದೆಂಬುದನ್ನು ಮನಗಾಣದೆ ಹೋದುದೇ ಅವರ ಜೀವನದ ವೈರುಧ್ಯ.

ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ 2013ರಲ್ಲಿ ಈ ಚಿತ್ರವನ್ನು ಪುನರುದ್ಧರಿಸಿ, ಹೊಸ ಸಂಗೀತದೊಂದಿಗೆ ಬಿಡುಗಡೆ ಮಾಡಿತು. ಹಿಮದ ಮೇಲೆ ಚುಕ್ಕೆಗಳಂತೆ ಏರುತ್ತಿರುವ ಆರೋಹಿಗಳು ಅದರಲ್ಲಿ ಇಂದಿಗೂ ಕಾಣಿಸುತ್ತಾರೆ. ಸ್ಕಾಲಾ ರಂಗದಲ್ಲಿ ನುಡಿಸಿದ ಏಳು ಮಂದಿಯ ನಾದ ಮಾತ್ರ ಅದರಲ್ಲಿಲ್ಲ.