ಕೆನಡಿ ಜತೆ ದೇಶ ಸುತ್ತಿದ ಔಷಧಿ ಚೀಲ

ಅದು 1960. ಅಮೆರಿಕ ಅಧ್ಯಕ್ಷೀಯ ಚುನಾವಣೆಯ ಪ್ರಚಾರ ಬಿರುಸಾಗಿದ್ದ ಸಮಯ. ಕನೆಕ್ಟಿಕಟ್ ರಾಜ್ಯದಲ್ಲಿ ಸಂಚರಿಸುತ್ತಿದ್ದ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯ ಸಾಮಾನುಗಳ ಪೈಕಿ ಒಂದು ಚೀಲ ಕಾಣೆಯಾಯಿತು. ಅಭ್ಯರ್ಥಿ ಕಂಗಾಲಾದರು. ರಾಜ್ಯದ ಗವರ್ನರ್ ಅಬ್ರಹಾಂ ರಿಬಿಕಾಫ್ ಅವರಿಗೇ ದೂರವಾಣಿ ಕರೆ ಮಾಡಿ, ಹೇಗಾದರೂ ಅದನ್ನು ಹುಡುಕಿಸಿಕೊಡಬೇಕೆಂದು ಕೋರಿದರು. ಚೀಲದಲ್ಲಿ ಇದ್ದದ್ದು ಹಣವಲ್ಲ, ಪಕ್ಷದ ರಹಸ್ಯ ಪತ್ರಗಳೂ ಅಲ್ಲ. ಔಷಧಿಗಳು. ಅವಿಲ್ಲದೆ ಅವರು ಬದುಕುವಂತಿರಲಿಲ್ಲ; ಅವು ಎದುರಾಳಿಗಳ ಕೈ ಸೇರಿದರೆ ಗೆಲ್ಲುವಂತೆಯೂ ಇರಲಿಲ್ಲ.

ಆ ಅಭ್ಯರ್ಥಿ ಜಾನ್ ಫಿಟ್ಜ್‌ಜೆರಾಲ್ಡ್ ಕೆನಡಿ. 43ನೇ ವಯಸ್ಸಿಗೆ ಅಮೆರಿಕದ ಅಧ್ಯಕ್ಷರಾಗಿ ಚುನಾಯಿತರಾದ, ಯೌವನ ಮತ್ತು ಚೈತನ್ಯದ ಪ್ರತೀಕವೆಂದು ಜಗತ್ತು ಕೊಂಡಾಡಿದ ನಾಯಕ. ಆ ಚೈತನ್ಯದ ಹಿಂದೆ ದಿನನಿತ್ಯದ ಮಾತ್ರೆ, ಚುಚ್ಚುಮದ್ದುಗಳ ಆಸರೆಯಿತ್ತು ಎಂಬುದು ಪೂರ್ಣವಾಗಿ ಬೆಳಕಿಗೆ ಬಂದದ್ದು ಅವರು ತೀರಿಕೊಂಡು ಸುಮಾರು 4 ದಶಕಗಳಾದ ಮೇಲೆ.

ಲಂಡನ್ನಿನಲ್ಲಿ ತಿಳಿದ ಸತ್ಯ

ಮ್ಯಾಸಚೂಸೆಟ್ಸ್‌ನ ಬ್ರೂಕ್‌ಲೈನ್‌ನಲ್ಲಿ 1917ರ ಮೇ 29ರಂದು ಜನಿಸಿದ ಕೆನಡಿ ಅವರಿಗೆ ಬಾಲ್ಯದಿಂದಲೂ ಅನಾರೋಗ್ಯ ಬೆನ್ನು ಬಿಡಲಿಲ್ಲ. ಕರುಳಿನ ತೊಂದರೆ, ಬೆನ್ನುನೋವು, ಪದೇ ಪದೇ ಜ್ವರ. ಆದರೂ ಎರಡನೇ ಮಹಾಯುದ್ಧದಲ್ಲಿ ನೌಕಾಪಡೆ ಸೇರಿ, 1943ರಲ್ಲಿ ಸಾಲೊಮನ್ ದ್ವೀಪಗಳ ಬಳಿ ತಮ್ಮ ದೋಣಿ ತುಂಡಾದಾಗ ಸಂಗಡಿಗರನ್ನು ಉಳಿಸಿ ವೀರನೆನಿಸಿದರು.

ಸಂಸತ್ ಸದಸ್ಯರಾಗಿ ಆಯ್ಕೆಯಾದ ಮರುವರ್ಷ, 1947ರಲ್ಲಿ, ಐರ್ಲೆಂಡ್ ಪ್ರವಾಸ ಮುಗಿಸಿ ಲಂಡನ್ನಿಗೆ ಬಂದ ಕೆನಡಿ ಕುಸಿದುಬಿದ್ದರು. ಪರೀಕ್ಷಿಸಿದ ಬ್ರಿಟಿಷ್ ವೈದ್ಯರು ಅಡಿಸನ್ ಕಾಯಿಲೆಯೆಂದು ಗುರುತಿಸಿದರು. ಮೂತ್ರಪಿಂಡಗಳ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಜೀವಕ್ಕೆ ಅತ್ಯಗತ್ಯವಾದ ಹಾರ್ಮೋನುಗಳನ್ನು ಸ್ರವಿಸದ ಸ್ಥಿತಿ ಇದು. ರಕ್ತದೊತ್ತಡ ಇಳಿಯುತ್ತದೆ, ಶಕ್ತಿ ಉಡುಗುತ್ತದೆ. ಸಣ್ಣ ಸೋಂಕು, ಜ್ವರ ಅಥವಾ ಶಸ್ತ್ರಚಿಕಿತ್ಸೆ ಕೂಡ ಪ್ರಾಣಕ್ಕೆ ಎರವಾಗಬಹುದು. ಹೆಚ್ಚು ದಿನ ಬದುಕಲಾರರು ಎಂಬುದೇ ವೈದ್ಯರ ಅಂದಾಜಾಗಿತ್ತು. ಕ್ವೀನ್ ಮೇರಿ ಹಡಗಿನಲ್ಲಿ ತಾಯ್ನಾಡಿಗೆ ಮರಳುವಾಗ ಅವರ ಸ್ಥಿತಿ ಎಷ್ಟು ಬಿಗಡಾಯಿಸಿತ್ತೆಂದರೆ, ಕ್ಯಾಥೊಲಿಕ್ ಪದ್ಧತಿಯಂತೆ ಮರಣಶಯ್ಯೆಯ ವಿಧಿಯನ್ನೂ ನೆರವೇರಿಸಲಾಯಿತು. ಪತ್ರಿಕೆಗಳಿಗೆ ಮಾತ್ರ ಯುದ್ಧಕಾಲದ ಮಲೇರಿಯಾ ಮರುಕಳಿಸಿದೆಯೆಂದು ತಿಳಿಸಲಾಯಿತು. ಗುಟ್ಟು ಅಲ್ಲಿಂದ ಆರಂಭ.

ಅವರನ್ನು ಉಳಿಸಿದ್ದು ಆಗಷ್ಟೇ ಬಳಕೆಗೆ ಬರುತ್ತಿದ್ದ ಹಾರ್ಮೋನು ಚಿಕಿತ್ಸೆ. ಮೊದಲು ಚರ್ಮದಡಿ ಹುದುಗಿಸುವ ಗುಳಿಗೆಗಳು, 1950ರ ಆಸುಪಾಸಿನಲ್ಲಿ ಕಾರ್ಟಿಸೋನ್. ಆದರೆ ಔಷಧಿ ಒಂದು ದಿನವೂ ತಪ್ಪುವಂತಿಲ್ಲ. ಊರೂರು ಸುತ್ತುವ ರಾಜಕಾರಣಿಗೆ ಇದು ದೊಡ್ಡ ಸವಾಲು. ಕೆನಡಿ ಎಲ್ಲಿಗೆ ಹೋದರೂ ಕೊರತೆಯಾಗದಿರಲೆಂದು ಕುಟುಂಬದವರು ಹಲವು ನಗರಗಳ ಬ್ಯಾಂಕ್ ಲಾಕರ್‌ಗಳಲ್ಲಿ ಔಷಧಿ ದಾಸ್ತಾನು ಇರಿಸಿದ್ದರೆಂದು ಜೀವನಚರಿತ್ರಕಾರರು ದಾಖಲಿಸಿದ್ದಾರೆ.

ಇಷ್ಟಿದ್ದರೂ ಅಪಾಯ ತಪ್ಪಲಿಲ್ಲ. 1951ರಲ್ಲಿ ತಮ್ಮ ರಾಬರ್ಟ್ ಹಾಗೂ ತಂಗಿ ಪೆಟ್ರೀಷಿಯಾ ಜತೆ ಏಷ್ಯಾ ಪ್ರವಾಸ ಕೈಗೊಂಡ ಕೆನಡಿ, ದೆಹಲಿಯಲ್ಲಿ ಪ್ರಧಾನಿ ಜವಾಹರಲಾಲ್ ನೆಹರೂ ಅವರನ್ನು ಭೇಟಿಯಾಗಿ ಪೂರ್ವದತ್ತ ಸಾಗಿದರು. ಆ ಪ್ರವಾಸದಲ್ಲೇ ತೀವ್ರ ಅಸ್ವಸ್ಥರಾಗಿ, ಅವರನ್ನು ಓಕಿನಾವಾದ ಸೇನಾ ಆಸ್ಪತ್ರೆಗೆ ದಾಖಲಿಸಬೇಕಾಯಿತು. ಜ್ವರ 106 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತ್ತು. ಬದುಕುವ ಆಸೆಯನ್ನು ಸುತ್ತಲಿನವರು ಕೈಬಿಟ್ಟಿದ್ದರು.

ಹೆಸರಿಲ್ಲದ ರೋಗಿ

1954ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಬೆನ್ನಿನ ಶಸ್ತ್ರಚಿಕಿತ್ಸೆ ನಡೆಯಿತು. ನಂತರ ಸೋಂಕು ತಗುಲಿ ಮತ್ತೆ ಸಾವಿನ ಅಂಚಿಗೆ ಹೋಗಿ ಬಂದರು. ಅಡಿಸನ್ ಕಾಯಿಲೆಯುಳ್ಳ 37 ವರ್ಷದ ರೋಗಿಯೊಬ್ಬ ಇಂಥ ಶಸ್ತ್ರಚಿಕಿತ್ಸೆಯಿಂದ ಬದುಕುಳಿದ ಪ್ರಸಂಗ 1955ರಲ್ಲಿ ಶಸ್ತ್ರವೈದ್ಯರ ನಿಯತಕಾಲಿಕೆಯೊಂದರಲ್ಲಿ ಪ್ರಕಟವಾಯಿತು. ರೋಗಿಯ ಹೆಸರು ಅಲ್ಲಿರಲಿಲ್ಲ. ಆತ ಸೆನೆಟರ್ ಕೆನಡಿ ಎಂಬುದು ಆಗ ಓದುಗರಿಗೆ ತಿಳಿಯಲಿಲ್ಲ.

1960ರಲ್ಲಿ ಪಕ್ಷದೊಳಗಿನ ಪ್ರತಿಸ್ಪರ್ಧಿ ಲಿಂಡನ್ ಜಾನ್ಸನ್ ಬೆಂಬಲಿಗರು ಕಾಯಿಲೆಯ ವಿಷಯವನ್ನು ಬಹಿರಂಗವಾಗಿ ಎತ್ತಿದರು. ಕೆನಡಿ ಪಾಳಯ ವೈದ್ಯರ ಹೇಳಿಕೆಯನ್ನು ಮುಂದಿಟ್ಟು ಅಲ್ಲಗಳೆಯಿತು. ಗೆದ್ದ ಬಳಿಕ ಸುದ್ದಿಗಾರರು ಕೇಳಿದಾಗ, ತಮಗೆ ಆ ಕಾಯಿಲೆ ಎಂದೂ ಇರಲಿಲ್ಲವೆಂದು ಸ್ವತಃ ಕೆನಡಿ ಉತ್ತರಿಸಿದರು. ದೇಶದಾದ್ಯಂತ ಅವರಿಗೆ ದೊರೆತ ಮತಗಳ ಮುನ್ನಡೆ ಒಂದೂಕಾಲು ಲಕ್ಷಕ್ಕೂ ಕಡಿಮೆ. ನಿಜ ಹೇಳಿದ್ದರೆ ಫಲಿತಾಂಶ ಬೇರೆಯಾಗುತ್ತಿತ್ತೇನೋ. ಕಾಯಿಲೆ ಅವರ ಖಾಸಗಿ ವಿಷಯವೇ ಸರಿ. ಆದರೆ ಅಣ್ವಸ್ತ್ರಗಳ ಹೊಣೆ ಹೊರುವ ವ್ಯಕ್ತಿಯ ಆರೋಗ್ಯವನ್ನು ಅರಿಯುವ ಹಕ್ಕು ಮತದಾರನಿಗೂ ಇತ್ತಲ್ಲವೇ ಎಂಬ ಪ್ರಶ್ನೆ ಇಂದಿಗೂ ಉಳಿದಿದೆ.

ವಿಯೆನ್ನಾ ದಾರಿಯಲ್ಲಿ

1961ರ ಮೇ ತಿಂಗಳಲ್ಲಿ ಕೆನಡಾದ ಒಟ್ಟಾವಾದಲ್ಲಿ ಗಿಡ ನೆಡುವಾಗ ಕೆನಡಿ ಅವರ ಬೆನ್ನು ಉಳುಕಿತು. ಎರಡೇ ವಾರಗಳಲ್ಲಿ ಪ್ಯಾರಿಸ್, ಅಲ್ಲಿಂದ ವಿಯೆನ್ನಾದಲ್ಲಿ ಸೋವಿಯತ್ ನಾಯಕ ನಿಕಿತಾ ಕ್ರುಶ್ಚೇವ್ ಜತೆ ಮಾತುಕತೆ. ಅಧಿಕೃತ ವೈದ್ಯರು ಅಧ್ಯಕ್ಷರ ಜತೆಗಿದ್ದರು. ಅವರಲ್ಲದೆ, ನ್ಯೂಯಾರ್ಕ್‌ನ ವೈದ್ಯ ಮ್ಯಾಕ್ಸ್ ಜೇಕಬ್ಸನ್ ಬೇರೆ ವಿಮಾನದಲ್ಲಿ ಯುರೋಪಿಗೆ ತೆರಳಿದರು. ಉತ್ತೇಜಕ ಆಂಫೆಟಮೈನ್ ಬೆರೆಸಿದ ಚುಚ್ಚುಮದ್ದಿಗೆ ಹೆಸರಾಗಿದ್ದವರು ಅವರು. ಒಬ್ಬ ವೈದ್ಯರು ಸ್ಟೀರಾಯ್ಡ್, ಇನ್ನೊಬ್ಬರು ನೋವು ನಿವಾರಕ, ಮತ್ತೊಬ್ಬರು ಉತ್ತೇಜಕ ನೀಡುವಂತಾಯಿತು. ಗುಟ್ಟು ಜನರಿಂದ ಮಾತ್ರವಲ್ಲ, ಚಿಕಿತ್ಸೆ ನೀಡುವವರ ನಡುವೆಯೂ ಗೋಡೆ ಎಬ್ಬಿಸಿತ್ತು. ಜೇಕಬ್ಸನ್ ಅವರ ವೈದ್ಯಕೀಯ ಪರವಾನಗಿ 1975ರಲ್ಲಿ ರದ್ದಾಯಿತು.

ಅದೇ ವರ್ಷಾಂತ್ಯದಲ್ಲಿ ಇತರ ವೈದ್ಯರ ಒತ್ತಾಯದಿಂದ ಹ್ಯಾನ್ಸ್ ಕ್ರೌಸ್ ಎಂಬ ತಜ್ಞರ ಮಾರ್ಗದರ್ಶನದಲ್ಲಿ ವ್ಯಾಯಾಮ ಆರಂಭವಾಗಿ, ಬೆನ್ನುನೋವು ತಗ್ಗಿತು. 1963ರ ಜೂನ್‌ನಲ್ಲಿ ಕೆನಡಿ ಅಧ್ಯಕ್ಷರಾಗಿ ಮತ್ತೆ ಐರ್ಲೆಂಡ್‌ಗೆ ಹೋದರು. 16 ವರ್ಷಗಳ ಹಿಂದೆ ಸಾವು ಅವರ ಬೆನ್ನಟ್ಟಿದ್ದು ಅದೇ ನೆಲದ ಪ್ರವಾಸದ ಕೊನೆಯಲ್ಲಿ.

ಅದೇ ನವೆಂಬರ್ 22ರಂದು ಡಲ್ಲಾಸ್‌ನಲ್ಲಿ ಅವರಿಗೆ ಗುಂಡು ತಗುಲಿತು. ಪಾರ್ಕ್‌ಲೆಂಡ್ ಆಸ್ಪತ್ರೆಯಲ್ಲಿ ಅಪರಿಚಿತ ವೈದ್ಯರು ಉಳಿಸಲು ಹೆಣಗುತ್ತಿದ್ದರು. ಅಧ್ಯಕ್ಷರ ವೈದ್ಯ ಜಾರ್ಜ್ ಬರ್ಕ್ಲಿ ತಮ್ಮ ಬಳಿಯಿದ್ದ ಹೈಡ್ರೊಕಾರ್ಟಿಸೋನ್ ಚುಚ್ಚುಮದ್ದನ್ನು ಅವರ ಕೈಗಿತ್ತರು. ವರ್ಷಗಟ್ಟಲೆ ಕಾಪಾಡಿಕೊಂಡು ಬಂದ ಗುಟ್ಟನ್ನು ಆ ಕ್ಷಣದಲ್ಲಿ ಮುಚ್ಚಿಡುವಂತಿರಲಿಲ್ಲ. ಆದರೆ ಗಾಯ ಔಷಧಿಯ ಎಲ್ಲೆ ಮೀರಿತ್ತು.

2002ರಲ್ಲಿ ಇತಿಹಾಸಕಾರ ರಾಬರ್ಟ್ ಡಾಲೆಕ್, ಬಾಸ್ಟನ್‌ನ ಕೆನಡಿ ಗ್ರಂಥಾಲಯದಲ್ಲಿದ್ದ ವೈದ್ಯಕೀಯ ಕಡತಗಳನ್ನು ಪರಿಶೀಲಿಸಿ ವಿವರಗಳನ್ನು ಹೊರಗೆಡಹಿದರು. ಇಂದು ಅಡಿಸನ್ ಕಾಯಿಲೆಯುಳ್ಳವರು ವಿದೇಶಕ್ಕೆ ಹೊರಟಾಗ ವೈದ್ಯರ ಪತ್ರ, ಕೈಚೀಲದಲ್ಲೇ ಹೆಚ್ಚುವರಿ ಔಷಧಿ, ತುರ್ತು ಚುಚ್ಚುಮದ್ದು ಹಾಗೂ ಕಾಯಿಲೆಯ ವಿವರವುಳ್ಳ ಚೀಟಿ ಒಯ್ಯುವಂತೆ ವೈದ್ಯರು ಸಲಹೆ ನೀಡುತ್ತಾರೆ. ಊರಿಗೆಲ್ಲ ಸಾರಬೇಕಿಲ್ಲ, ಆದರೆ ಆಪತ್ತಿನಲ್ಲಿ ಕೈಹಿಡಿಯುವವರಿಗೆ ತಿಳಿದಿರಲೇಬೇಕು. ಕೆನಡಿ ಅವರ ಚೀಲದಲ್ಲಿ ಔಷಧಿಗೆ ಕೊರತೆಯಿರಲಿಲ್ಲ, ಆ ಚೀಟಿಯೊಂದಕ್ಕೆ ಮಾತ್ರ ಜಾಗವಿರಲಿಲ್ಲ.