ಅಂಗೈಯಲ್ಲಿ ಶಿವಲಿಂಗ ಹಿಡಿದ ರಾಣಿ

ಕಳೆದ ವರ್ಷ ನಮ್ಮ ಯಜಮಾನರು ಹದಿನಾರು ದಿನ ಐಸಿಯುನಲ್ಲಿದ್ದರು. ಹೊರಗಿನ ಕುರ್ಚಿಯಲ್ಲಿ ಕೂತು ನಾನು ಹೊತ್ತ ಹರಕೆಗಳಿಗೆ ಲೆಕ್ಕವಿಲ್ಲ. ಧರ್ಮಸ್ಥಳದ ಮಂಜುನಾಥನಿಗೆ ಒಂದು, ಮನೆದೇವರಿಗೆ ಒಂದು, ಇಲ್ಲಿ ಮುಂಬಯಿಯ ಸಿದ್ಧಿವಿನಾಯಕನಿಗೆ ಮತ್ತೊಂದು. ದೇವರ ದಯೆಯಿಂದ ಅವರು ಗುಣವಾಗಿ ಮನೆಗೆ ಬಂದರು. ಆದರೆ ಒಂದು ಪ್ರಶ್ನೆ ಮಾತ್ರ ಮನಸ್ಸಿನಲ್ಲೇ ಉಳಿಯಿತು. ಅವರು ಬಾರದೇ ಹೋಗಿದ್ದರೆ ನಾನು ಮತ್ತೆ ದೇವರ ಮುಂದೆ ದೀಪ ಹಚ್ಚುತ್ತಿದ್ದೆನೇ? ಆಗೆಲ್ಲ ನನಗೆ ನೆನಪಾಗುವುದು ಅಹಲ್ಯಾಬಾಯಿ ಹೋಳ್ಕರ್.

ಮಹಾರಾಷ್ಟ್ರದ ಚೌಂಡಿ ಎಂಬ ಹಳ್ಳಿಯಲ್ಲಿ, ಪಾಟೀಲ ಮಾಣಕೋಜಿ ಶಿಂಧೆಯವರ ಮಗಳಾಗಿ ಆಕೆ ಹುಟ್ಟಿದ್ದು 1725ರಲ್ಲಿ. ಚಿಕ್ಕ ವಯಸ್ಸಿನಲ್ಲೇ ಮರಾಠಾ ಸರದಾರ ಮಲ್ಹಾರರಾವ್ ಹೋಳ್ಕರರ ಸೊಸೆಯಾದಳು. 1754ರಲ್ಲಿ ಕುಂಭೇರ್ ಕೋಟೆಯ ಮುತ್ತಿಗೆಯಲ್ಲಿ ಗಂಡ ಖಂಡೇರಾವ್ ಮಡಿದ. ಆಕೆ ಸಹಗಮನಕ್ಕೆ ಸಿದ್ಧಳಾದಾಗ, ನೀನೂ ಹೋದರೆ ನನಗೆ ಯಾರಿದ್ದಾರೆ ಎಂದು ಮಾವ ಬೇಡಿಕೊಂಡು ತಡೆದರಂತೆ. ಆ ಮಾವನೂ 1766ರಲ್ಲಿ ತೀರಿಕೊಂಡರು. ಪಟ್ಟಕ್ಕೆ ಬಂದ ಒಬ್ಬನೇ ಮಗ ಮಾಲೇರಾವ್ ವರ್ಷ ತುಂಬುವುದರೊಳಗೆ ಕಣ್ಮುಚ್ಚಿದ.

ಅಷ್ಟರಲ್ಲಿ ಪೇಶ್ವೆ ಮನೆತನದ ರಘುನಾಥರಾವ್ ದಂಡು ಕಟ್ಟಿಕೊಂಡು ಬಂದ. ಆಕೆ ಬಗ್ಗಲಿಲ್ಲ. ದಂಡನ್ನು ತುಕೋಜಿ ಹೋಳ್ಕರರಿಗೆ ಒಪ್ಪಿಸಿ, ನರ್ಮದೆಯ ದಡದ ಮಹೇಶ್ವರದಲ್ಲಿ ನೆಲೆ ನಿಂತು, ಸುಮಾರು 28 ವರ್ಷ ರಾಜ್ಯವಾಳಿದಳು.

ಆಕೆಯ ದಿನಚರಿಯನ್ನು ಜಾನ್ ಮಾಲ್ಕಮ್ ಎಂಬ ಬ್ರಿಟಿಷ್ ಅಧಿಕಾರಿ, ಕಂಡವರಿಂದ ಕೇಳಿ ಬರೆದಿಟ್ಟಿದ್ದಾರೆ. ಬೆಳಕು ಹರಿಯುವ ಮುಂಚೆ ಎದ್ದು ಪೂಜೆ, ಪುರಾಣ ಶ್ರವಣ. ಆಮೇಲೆ ದಾನ, ಅನ್ನಸಂತರ್ಪಣೆ, ತನ್ನ ಊಟ. ಮಧ್ಯಾಹ್ನದಿಂದ ಸೂರ್ಯ ಮುಳುಗುವವರೆಗೆ ದರ್ಬಾರು. ಸಂಜೆ ಮತ್ತೆ ಪೂಜೆ. ರಾತ್ರಿ ಒಂಬತ್ತರಿಂದ ಹನ್ನೊಂದರವರೆಗೆ ಪುನಃ ರಾಜ್ಯದ ಕೆಲಸ. ರಾಜ್ಯ ಶಿವನದು, ತಾನು ಅದನ್ನು ನೋಡಿಕೊಳ್ಳುವವಳು ಎಂಬ ಭಾವ ಆಕೆಯದು. ಕಾಶಿಯ ವಿಶ್ವನಾಥನ ಗುಡಿಯನ್ನು ಮತ್ತೆ ಕಟ್ಟಿಸಿದ್ದೂ ಆಕೆಯೇ. ನಾವು ಇಂದು ಆಸೆಪಟ್ಟು ಉಡುವ ಮಹೇಶ್ವರಿ ಸೀರೆಯ ನೇಕಾರರನ್ನು ಕರೆಸಿ ನೆಲೆ ಕೊಟ್ಟವಳೂ ಆಕೆಯೇ.

ಇಷ್ಟೆಲ್ಲ ಪೂಜೆ ಮಾಡಿದವಳಿಗೆ ಮುಪ್ಪಿನಲ್ಲಾದರೂ ನೆಮ್ಮದಿ ಸಿಗಬೇಕಿತ್ತಲ್ಲವೇ? ಸಿಗಲಿಲ್ಲ. ಮೊದಲು ಮೊಮ್ಮಗ ಹೋದ. 1791ರಲ್ಲಿ ಅಳಿಯನೂ ಹೋದ. ಮಗಳು ಮುಕ್ತಾಬಾಯಿ ಚಿತೆಯೇರಲು ನಿಂತಳು. ತಾಯಿ ಕಾಲಿಗೆ ಬಿದ್ದು ಬೇಡಿದರೂ ಕೇಳಲಿಲ್ಲ. ಒಂದು ಕಾಲಕ್ಕೆ ಮಾವನ ಮಾತಿಗೆ ನಿಂತಿದ್ದ ಅಹಲ್ಯಾಬಾಯಿ, ಮಗಳನ್ನು ನಿಲ್ಲಿಸಲಾಗದೆ ಅದನ್ನು ಕಣ್ಣಾರೆ ಕಂಡಳು. ನರ್ಮದೆಯಲ್ಲಿ ಮಿಂದು ಮನೆಗೆ ಬಂದವಳು ಮೂರು ದಿನ ಹೆಚ್ಚುಕಡಿಮೆ ಅನ್ನ ಮುಟ್ಟಲಿಲ್ಲ, ಮಾತಾಡಲಿಲ್ಲ. ಆಮೇಲೆ ಎದ್ದಳು. 1795ರಲ್ಲಿ ಕೊನೆಯುಸಿರೆಳೆಯುವವರೆಗೂ ಪೂಜೆಯನ್ನೂ ಬಿಡಲಿಲ್ಲ, ರಾಜ್ಯಭಾರವನ್ನೂ ಬಿಡಲಿಲ್ಲ.

ಈ ಚಳಿಗಾಲದಲ್ಲಿ ನಾವಿಬ್ಬರೂ ಮಹೇಶ್ವರಕ್ಕೆ ಹೋಗಿದ್ದೆವು. ಆಕೆಯ ವಾಡೆಯಲ್ಲಿ ಈಗಲೂ ದಿನಾ ಬೆಳಿಗ್ಗೆ ಮಣ್ಣಿನ ಪುಟ್ಟಪುಟ್ಟ ಲಿಂಗಗಳನ್ನು ಮಾಡಿ, ಪೂಜಿಸಿ, ನರ್ಮದೆಗೆ ಬಿಡುತ್ತಾರೆ. ಮರುದಿನ ಮತ್ತೆ ಹೊಸದಾಗಿ ಮಾಡುತ್ತಾರೆ. ಅದನ್ನು ನೋಡುತ್ತಾ ನಿಂತಾಗ ಕಣ್ಣು ತುಂಬಿ ಬಂತು.

ಸಖಿಯರೇ, ದೇವರಲ್ಲಿ ಬೇಡುವುದನ್ನು ನಾನೇನೂ ಬಿಟ್ಟಿಲ್ಲ. ಮನೆ ಮಕ್ಕಳು ಅಂತ ಇರುವವರಿಗೆ ಅದು ಆಗದ ಮಾತು. ಆದರೆ ಈಗ ಕೊನೆಗೊಂದು ಮಾತು ಸೇರಿಸುತ್ತೇನೆ. ಏನೇ ಬಂದರೂ ನಾಳೆ ಬೆಳಿಗ್ಗೆ ಎದ್ದು ನಿನ್ನ ಮುಂದೆ ದೀಪ ಹಚ್ಚಿ, ನನ್ನ ಕೆಲಸಕ್ಕೆ ಹೋಗುವಷ್ಟು ಶಕ್ತಿ ಕೊಡಪ್ಪಾ.