ಆರ್ಯಭಟನ ದೋಣಿ

ಮಕ್ಕಳೇ, ನಮ್ಮ ದೇಶದ ಮೊದಲ ಕೃತಕ ಉಪಗ್ರಹ ತಯಾರಾದದ್ದು ನಮ್ಮ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಎಂಬುದು ನಿಮಗೆ ಗೊತ್ತೇ? ಉಡುಪಿ ಜಿಲ್ಲೆಯ ಅದಮಾರಿನವರಾದ ಯು. ಆರ್. ರಾವ್ ಅವರ ಮುಂದಾಳತನದಲ್ಲಿ ಸಿದ್ಧವಾದ ಅದನ್ನು 1975ರ ಏಪ್ರಿಲ್ 19ರಂದು ಸೋವಿಯತ್ ಒಕ್ಕೂಟದಿಂದ ಹಾರಿಸಲಾಯಿತು. ಅದಕ್ಕೆ ಇಟ್ಟ ಹೆಸರು ‘ಆರ್ಯಭಟ’. ಯಾರು ಈ ಆರ್ಯಭಟ?

ಆತ ಹುಟ್ಟಿದ್ದು ಕ್ರಿ.ಶ. 476ರಲ್ಲಿ. ಇದು ನಮಗೆ ತಿಳಿಯುವುದು ಆತನ ಪುಸ್ತಕದಿಂದಲೇ. ಕಲಿಯುಗದ 3600 ವರ್ಷಗಳು ಕಳೆದಾಗ ತನಗೆ 23 ವರ್ಷ ಎಂದು ಆತ ಲೆಕ್ಕ ಕೊಟ್ಟಿದ್ದಾನೆ. (ತನ್ನ ವಯಸ್ಸನ್ನೂ ಲೆಕ್ಕವಾಗಿಯೇ ಹೇಳುವುದು ಗಣಿತದ ಮೇಷ್ಟರಿಗೆ ಮಾತ್ರ ಹೊಳೆಯುವ ಉಪಾಯ!) ಇಂದಿನ ಪಾಟ್ನಾ ಎಂದು ಗುರುತಿಸಲಾಗುವ ಕುಸುಮಪುರದ ಹೆಸರು ಆತನ ಪುಸ್ತಕದಲ್ಲಿದೆ. ಪುಸ್ತಕದ ಹೆಸರು ‘ಆರ್ಯಭಟೀಯ’. ಸುಮಾರು 120 ಶ್ಲೋಕಗಳ ಪುಟ್ಟ ಪುಸ್ತಕ. ವೃತ್ತದ ಪರಿಧಿ ಅದರ ವ್ಯಾಸದ ಸುಮಾರು 3.1416 ಪಟ್ಟು ಎಂಬ ಲೆಕ್ಕ ಅದರಲ್ಲಿದೆ.

ಅದರಲ್ಲೇ ಒಂದು ದೋಣಿಯ ಮಾತೂ ಬರುತ್ತದೆ. ದೋಣಿಯಲ್ಲಿ ಮುಂದಕ್ಕೆ ಹೋಗುವವನಿಗೆ ದಡದ ಮೇಲೆ ನಿಂತ ವಸ್ತುಗಳು ಹಿಂದಕ್ಕೆ ಸರಿಯುವಂತೆ ಕಾಣುತ್ತವೆ. ಹಾಗೆಯೇ ಭೂಮಿ ಪೂರ್ವಕ್ಕೆ ತಿರುಗುವುದರಿಂದ ನಕ್ಷತ್ರಗಳು ಪಶ್ಚಿಮಕ್ಕೆ ಸಾಗುವಂತೆ ನಮಗೆ ಕಾಣುತ್ತವೆ ಎಂದ ಆರ್ಯಭಟ. ಭೂಮಿ ಅಲ್ಲಾಡದೆ ನಿಂತಿದೆ ಎಂದು ಹೆಚ್ಚಿನವರು ನಂಬಿದ್ದ ಕಾಲ ಅದು.

ನಮ್ಮಲ್ಲಿ ದೋಣಿ ಎಲ್ಲಿದೆ ಎನ್ನುತ್ತೀರಾ? ಮೆಟ್ರೋ ಸಾಕು. ಜಯನಗರದಲ್ಲಿ ಹತ್ತಿ ಕಿಟಕಿಯಿಂದ ನೋಡಿ. ಮರಗಳು, ಮನೆಗಳ ತಾರಸಿಗಳು ಹಿಂದಕ್ಕೆ ಓಡುತ್ತವೆ. ಎದುರಿನಿಂದ ಇನ್ನೊಂದು ರೈಲು ಬಂದರೆ ‘ಭರ್’ ಎಂದು ಕ್ಷಣದಲ್ಲಿ ಮಾಯ! ಇದಕ್ಕೂ ಆರ್ಯಭಟನಲ್ಲಿ ಲೆಕ್ಕವಿದೆ. ಎದುರುಬದುರಾಗಿ ಬರುವವು ಯಾವಾಗ ಸೇರುತ್ತವೆ ಎಂದು ತಿಳಿಯಲು ನಡುವಿನ ದೂರವನ್ನು ಎರಡರ ವೇಗಗಳ ಮೊತ್ತದಿಂದ ಭಾಗಿಸಬೇಕು. ಒಂದೇ ದಿಕ್ಕಿನಲ್ಲಿ ಒಂದರ ಹಿಂದೆ ಒಂದು ಸಾಗುತ್ತಿದ್ದರೆ ವೇಗಗಳ ವ್ಯತ್ಯಾಸದಿಂದ ಭಾಗಿಸಬೇಕು. ಇಂದು ನಾವು ಇದನ್ನೇ ಸಾಪೇಕ್ಷ ವೇಗ ಎನ್ನುತ್ತೇವೆ.

ವೇಗಕ್ಕೆ ದಿಕ್ಕೂ ಇದೆಯಲ್ಲ, ಅದನ್ನು ಬಾಣದಿಂದ ತೋರಿಸುವ ಪದ್ಧತಿ ಆರ್ಯಭಟನ ಕಾಲದ್ದಲ್ಲ, ಬಹಳ ಈಚಿನದು. ಆದರೆ ಓರೆಯಾದ ಚಲನೆಗೆ ಅದು ತುಂಬ ಅನುಕೂಲ. ಒಂದು ಚೌಕುಳಿ ಹಾಳೆ ತೆಗೆದುಕೊಳ್ಳಿ. ಗಂಟೆಗೆ 10 ಕಿ.ಮೀ. ವೇಗಕ್ಕೆ 1 ಸೆಂ.ಮೀ. ಎಂದಿರಲಿ. ಗಾಳಿಯಿಲ್ಲದೆ ಮಳೆ ನೇರವಾಗಿ ಗಂಟೆಗೆ 30 ಕಿ.ಮೀ. ವೇಗದಲ್ಲಿ ಬೀಳುತ್ತಿದೆ, ನಿಮ್ಮ ರೈಲು 40 ಕಿ.ಮೀ. ವೇಗದಲ್ಲಿ ಬಲಕ್ಕೆ ಸಾಗುತ್ತಿದೆ. ಮಳೆಗೆ ಕೆಳಮುಖವಾಗಿ 3 ಸೆಂ.ಮೀ. ಬಾಣ ಎಳೆಯಿರಿ. ಅದರ ತುದಿಯಿಂದ ರೈಲಿನ ಬಾಣವನ್ನು ತಿರುಗಿಸಿ, ಅಂದರೆ ಎಡಕ್ಕೆ, 4 ಸೆಂ.ಮೀ. ಎಳೆಯಿರಿ. ಮೊದಲ ಬಾಣದ ಬುಡದಿಂದ ಎರಡನೆಯದರ ತುದಿಗೆ ಗೆರೆ ಸೇರಿಸಿ ಅಳೆಯಿರಿ. 5 ಸೆಂ.ಮೀ. ಬಂತೇ? ನಿಮ್ಮ ಕಣ್ಣಿಗೆ ಮಳೆ ಆ ಓರೆಯಲ್ಲೇ ಗಂಟೆಗೆ 50 ಕಿ.ಮೀ. ವೇಗದಲ್ಲಿ ಬೀಳುತ್ತದೆ. ರಸ್ತೆಯಲ್ಲಿ ನಿಂತವರಿಗೆ ಅದೇ ಮಳೆ ನೆಟ್ಟಗೆ!

ಆರ್ಯಭಟನ ಮಾತನ್ನು ಎಲ್ಲರೂ ಒಪ್ಪಲಿಲ್ಲ. ಭೂಮಿ ತಿರುಗುವುದಾದರೆ ಗೂಡು ಬಿಟ್ಟು ಹಾರಿದ ಹಕ್ಕಿ ಮರಳಿ ಗೂಡು ಸೇರುವುದು ಹೇಗೆ ಎಂಬ ಪ್ರಶ್ನೆ ವರಾಹಮಿಹಿರನದು. 628ರಲ್ಲಿ ಬ್ರಹ್ಮಗುಪ್ತನೂ ಆಕ್ಷೇಪ ಎತ್ತಿದ. ಆತನೂ ದೊಡ್ಡ ಗಣಿತಜ್ಞನೇ. ಇವರನ್ನು ನೋಡಿ ನಗಬೇಡಿ. ಅದು ಒಳ್ಳೆಯ ಪ್ರಶ್ನೆ. ಬೆಂಗಳೂರಿನ ನೆಲ ಗಂಟೆಗೆ ಸುಮಾರು 1630 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ಸಾಗುತ್ತಿದೆ. ಹಕ್ಕಿ ಹಿಂದೆ ಉಳಿಯಬೇಕಿತ್ತಲ್ಲವೇ?

ಒಂದೇ ವೇಗದಲ್ಲಿ ಓಡುವ ರೈಲಿನಲ್ಲಿ ಕುಳಿತು ಒಂದು ನಾಣ್ಯವನ್ನು ಸ್ವಲ್ಪ ಮೇಲಕ್ಕೆ ಚಿಮ್ಮಿ. ಅದು ನಿಮ್ಮ ಕೈಗೇ ಬೀಳುತ್ತದೆ. ಕೈ ಬಿಟ್ಟಾಗಲೂ ರೈಲಿನ ಬಾಣ ನಾಣ್ಯದ ಜೊತೆಗೇ ಇರುತ್ತದೆ. ಹಕ್ಕಿಗೂ ಅದರ ಸುತ್ತಲಿನ ಗಾಳಿಗೂ ಭೂಮಿಯ ಬಾಣ ಹಾಗೆಯೇ ಅಂಟಿಕೊಂಡಿದೆ. ಈ ಉತ್ತರ ಸ್ಪಷ್ಟವಾಗಲು ಗೆಲಿಲಿಯೋನ ಕಾಲದವರೆಗೆ, ಅಂದರೆ ಸಾವಿರಕ್ಕೂ ಹೆಚ್ಚು ವರ್ಷ ಕಾಯಬೇಕಾಯಿತು. ಅಷ್ಟರಲ್ಲಿ ಆರ್ಯಭಟನ ಪುಸ್ತಕಕ್ಕೆ ವ್ಯಾಖ್ಯಾನ ಬರೆದ ಕೆಲವರು, ಆತ ಭೂಮಿ ತಿರುಗುತ್ತದೆ ಎಂದು ಹೇಳಲೇ ಇಲ್ಲ ಎಂದು ಅರ್ಥ ಹಚ್ಚಿದ್ದರು! 1851ರಲ್ಲಿ ಪ್ಯಾರಿಸ್ಸಿನಲ್ಲಿ ಫೂಕೋ ಎಂಬಾತ ಉದ್ದನೆಯ ಲೋಲಕವನ್ನು ತೂಗಿಬಿಟ್ಟು ಭೂಮಿ ತಿರುಗುವುದನ್ನು ಜನರ ಕಣ್ಣೆದುರೇ ತೋರಿಸಿದ.

ಆ ಬಾಣ ಈಗ ನಮಗೆ ಉಪಯೋಗಕ್ಕೂ ಬರುತ್ತಿದೆ. ಶ್ರೀಹರಿಕೋಟದಿಂದ ಪೂರ್ವಕ್ಕೆ, ಸಮುದ್ರದ ಕಡೆಗೆ ಹಾರುವ ರಾಕೆಟ್ಟಿಗೆ ಭೂಮಿಯೇ ಸೆಕೆಂಡಿಗೆ ಸುಮಾರು 450 ಮೀಟರ್ ವೇಗವನ್ನು ಪುಕ್ಕಟೆಯಾಗಿ ಕೊಟ್ಟು ಕಳುಹಿಸುತ್ತದೆ.